ಗೋಡೆಯ ಪಟ, ಗಾಳಿಯ ಪಟ

ಆಂಧ್ರದ ಹಿಂದೂಪುರದ ಕಡೆ ಹಳಬರ ಬಾಯಲ್ಲಿ ಫೋಟೋ ಇನ್ನೂ ಪಟವೇ. ದೇವರ ಪಟ, ತಾತನ ಪಟ, ಮದುವೆ ಪಟ. ಕನ್ನಡದ ಮನೆಯಲ್ಲಿ ಪಟ ಅಂದರೆ ಪಕ್ಕದ ತೆಲುಗು ಮನೆಯಲ್ಲಿ ಪಟಂ. ಕೊನೆಯ ಆ ಸೊನ್ನೆ ಒಂದು ಕಾಲಕ್ಕೆ ನಮ್ಮದೂ ಆಗಿತ್ತು. ಹಳಗನ್ನಡದಲ್ಲಿ ಪಟಂ ಎಂದೇ ಇತ್ತು. ನಾವು ಬಿಟ್ಟೆವು, ನೆರೆಯವರು ಇಟ್ಟುಕೊಂಡರು. ಗೌರಿಬಿದನೂರು ದಾಟಿದ ರೈಲು ಹಿಂದೂಪುರ ಮುಟ್ಟುವಷ್ಟರಲ್ಲಿ ರಾಜ್ಯ ಬದಲಾಗಿರುತ್ತದೆ, ಈ ಪದ ಮಾತ್ರ ಹಾಗೇ ಇರುತ್ತದೆ.

ಸಂಸ್ಕೃತದಲ್ಲಿ ಪಟ ಎಂದರೆ ಬಟ್ಟೆ. ಬಟ್ಟೆಯ ಮೇಲೆ ಬರೆದದ್ದು ಚಿತ್ರಪಟ, ನೆಲವನ್ನೇ ಬಿಡಿಸಿಟ್ಟದ್ದು ಭೂಪಟ, ಕಂಬದ ತುದಿಗೆ ಕಟ್ಟಿದ್ದು ಧ್ವಜಪಟ. ಕ್ಯಾಮೆರಾ ಬಂದಾಗ ಜನ ಹೊಸ ಪದ ಹುಡುಕಲು ಹೋಗದೆ ಮನೆಯಲ್ಲಿದ್ದ ಇದನ್ನೇ ಅದಕ್ಕೂ ಕೊಟ್ಟರು. ಫೋಟೋ ಸ್ಟುಡಿಯೋಗಳೂ ಬಟ್ಟೆಯನ್ನು ಕೈಬಿಡಲಿಲ್ಲ. ಕಂಬ, ಮೆಟ್ಟಿಲು, ಹೂದೋಟ ಬರೆದ ಪರದೆಯೊಂದು ಹಿಂದೆ ಇಳಿಬಿದ್ದಿರುತ್ತಿತ್ತು. ಮುಂದೆ ಮರದ ಕುರ್ಚಿ. ಅದರ ಮೇಲೆ ಕೆನ್ನೆಗೆ ದೃಷ್ಟಿಬೊಟ್ಟು ಇಡಿಸಿಕೊಂಡು, ಎಣ್ಣೆ ಹಚ್ಚಿ ಬಾಚಿದ ತಲೆಯ ಮಗು. ‘ಅಲ್ಲಾಡಬೇಡ ಮಗಾ, ಪಟ ಕೆಟ್ಟೋಗ್ತದೆ!’

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಹಳೆಯ ಗಾಜಿನ ಫಲಕಗಳಿಗೆ ಬೆಳಕು ಹೀರಲು ಹೊತ್ತು ಹಿಡಿಯುತ್ತಿತ್ತು. ಅಷ್ಟರಲ್ಲಿ ತಲೆ ಆಡಿದರೆ ಮುಖ ಕದಡಿಹೋಗುತ್ತಿತ್ತು. ಮುಂದೆ ವೇಗದ ಫಿಲ್ಮು ಬಂತು, ನಮ್ಮ ಮಧ್ಯಮ ವರ್ಗದ ಕೈಗೆ ಆಗ್ಫಾ ಕ್ಲಿಕ್ 3 ಬಂತು. ಒಂದು ರೋಲಿಗೆ 12 ಚಿತ್ರ, ಅಷ್ಟೇ. ಅದನ್ನು ಹಬ್ಬಕ್ಕೊಂದು, ಹುಟ್ಟುಹಬ್ಬಕ್ಕೊಂದು ಎಂದು ಕೂಡಿಟ್ಟು ಖರ್ಚು ಮಾಡಬೇಕು. ಹಾಗಾಗಿ ಮಗು ಬೊಂಬೆಯಂತೆ ನಿಲ್ಲುವುದು ತಪ್ಪಲಿಲ್ಲ. ಮೊದಲು ಯಂತ್ರದ ಮಿತಿ, ಆಮೇಲೆ ದುಡ್ಡಿನ ಮಿತಿ. ಎರಡೂ ಸೇರಿ ಅಲ್ಲಾಡದಿರುವುದನ್ನು ಸಭ್ಯತೆ ಮಾಡಿಬಿಟ್ಟವು. ಎರಡು ಮಿತಿಯೂ ಅಷ್ಟಾಗಿ ಇಲ್ಲದ ಫೋನು ಕೈಯಲ್ಲಿರುವಾಗಲೂ ನಾವು ‘ಇಲ್ಲಿ ನೋಡು, ನಗು’ ಅನ್ನುತ್ತಲೇ ಇದ್ದೇವೆ. ಮಕ್ಕಳೂ ಕಲಿತುಬಿಟ್ಟಿವೆ. ಫೋನು ಎತ್ತಿದ ಕೂಡಲೇ ಹಲ್ಲು ತೋರಿಸಿ ನಿಲ್ಲುವ ಮೂರು ವರ್ಷದ ಮಗುವನ್ನು ಕಂಡರೆ ನನಗೆ ನಿಜವಾಗಿ ಸಂಕಟವಾಗುತ್ತದೆ.

ಫೋಟೋಗೆ ಅಂಟಿಕೊಂಡ ಕ್ರಿಯಾಪದಗಳನ್ನೂ ನೋಡಬೇಕು. ನಾವು ಫೋಟೋ ‘ತೆಗೆಸಿಕೊಳ್ಳುತ್ತೇವೆ’. ಅಲ್ಲಿ ನಮ್ಮ ಇಚ್ಛೆಯೂ ಇದೆ, ಇನ್ನೊಬ್ಬರ ಕೈಯೂ ಇದೆ. ತೆಲುಗಿನವರು ಫೋಟೋ ‘ದಿಗುತ್ತಾರೆ’, ಅಂದರೆ ಇಳಿಯುತ್ತಾರೆ. ಮನೆಯಲ್ಲಿ ಆಡುತ್ತಿರುವ ಮಗು ಇವೆರಡನ್ನೂ ಮಾಡುವುದಿಲ್ಲ. ಅದರ ಬಗ್ಗೆ ನಮ್ಮಲ್ಲಿ ಹೇಳುವ ಮಾತೇ ಬೇರೆ: ‘ಇದರಲ್ಲಿ ಮಗು ಎಷ್ಟು ಚೆನ್ನಾಗಿ ಸಿಕ್ಕಿದೆ ನೋಡಿ.’ ಸಿಕ್ಕುವುದಕ್ಕೆ ಕಾಯಬೇಕು. ಅದನ್ನು ಮಾಡಿಸಲು ಬರುವುದಿಲ್ಲ.

ಪಟಕ್ಕೆ ಗಾಳಿಪಟವೆಂಬ ಇನ್ನೊಂದು ಜೀವ ಇರುವುದು ನೆನಪಾಗುವುದು ಇಲ್ಲಿಯೇ. ಅದನ್ನು ನೋಡಬೇಕಾದರೆ ಅನಂತಪುರ ಜಿಲ್ಲೆಯ ಕಲ್ಯಾಣದುರ್ಗದ ಬಯಲಿಗೆ ಹೋಗಬೇಕು. ಮುಂಗಾರಿನ ಮೋಡ ಈ ಸೀಮೆಗೆ ಮಳೆಗಿಂತ ಗಾಳಿಯನ್ನೇ ಧಾರಾಳವಾಗಿ ಕೊಡುತ್ತದೆ. ಹೈದರಾಬಾದಿನಲ್ಲಿ ಸಂಕ್ರಾಂತಿಗೆ ಹಾರುವ ಗಾಳಿಪಟ ಬಯಲುಸೀಮೆಯ ಕನ್ನಡಿಗರಿಗೆ ಆಷಾಢದ ಆಟ. ದೊಡ್ಡಬಳ್ಳಾಪುರದಲ್ಲಿ ಅದರದೇ ಉತ್ಸವ ನಡೆಯುತ್ತದೆ. ಹಳೆಯ ಪತ್ರಿಕೆ, ಸೀಳಿದ ಬಿದಿರ ಕಡ್ಡಿ, ಅಂಟಿಸಲು ಅನ್ನದ ಅಗುಳು, ಹಿಂದೊಂದು ಬಾಲಂಗೋಚಿ. ದಾರವನ್ನು ಬಿಗಿಹಿಡಿದರೆ ಪಟ ಏರುವುದಿಲ್ಲ, ಪೂರ್ತಿ ಸಡಿಲಬಿಟ್ಟರೆ ದಕ್ಕುವುದಿಲ್ಲ. ಮಕ್ಕಳ ಫೋಟೋ ತೆಗೆಯುವವರಿಗೆ ಗೋಡೆಯ ಪಟಕ್ಕಿಂತ ಈ ಪಟವೇ ಒಳ್ಳೆಯ ಗುರು ಎಂದು ನಾನು ನಂಬಿದ್ದೇನೆ.

ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಈ ವಿದ್ಯೆ ಬಲ್ಲವರಾಗಿದ್ದರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಯುನಿಸೆಫ್ ಅವರ ಮಕ್ಕಳ ಚಿತ್ರಗಳನ್ನು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟಿತು. ಅಲ್ಲಿಯವರೆಗೆ ಹೋದದ್ದು ನಮ್ಮ ಬೀದಿ, ಹಳ್ಳಿಗಳ ಸಾಮಾನ್ಯ ಮಕ್ಕಳೇ. ಸತ್ಯನ್ ಅವರ ಕಪ್ಪು ಬಿಳುಪು ಚಿತ್ರಗಳಲ್ಲಿ ಜನ ತಮ್ಮ ಪಾಡಿಗೆ ತಾವು ಇರುತ್ತಾರೆ.

ಮನೆಯಲ್ಲಿ ಇಂಥ ಚಿತ್ರ ತೆಗೆಯಲು ದೊಡ್ಡ ಸಲಕರಣೆ ಬೇಕಿಲ್ಲ. ನೆಲದ ಮೇಲೆ ಕೂತರೆ ಅರ್ಧ ಕೆಲಸ ಆದಂತೆ, ಏಕೆಂದರೆ ನಿಂತು ತೆಗೆದ ಫೋಟೋದಲ್ಲಿ ಮಗುವಿನ ನೆತ್ತಿಯೇ ಹೆಚ್ಚು. ಬೆಳಕು ತಲೆಬಾಗಿಲಿನಿಂದ ಬರಲಿ. ಕಡಪ ಕಲ್ಲು ಹಾಸಿದ ಒಳಕೋಣೆ ಕತ್ತಲಾಗಿರುತ್ತದೆ. ಅಲ್ಲಿ ಫೋನು ಬೆಳಕಿಗಾಗಿ ಹೆಚ್ಚು ಹೊತ್ತು ಕಣ್ಣು ತೆರೆದಿರುವುದರಿಂದ ಓಡುವ ಮಗು ಮಸುಕಾಗುತ್ತದೆ. ಬೆಳಗಿನ ಬಿಸಿಲು ಹೊಸ್ತಿಲು ದಾಟುವ ಹೊತ್ತು ಒಳ್ಳೆಯದು. ಫ್ಲ್ಯಾಶ್ ಬೇಡ, ಕ್ಲಿಕ್ ಸದ್ದೂ ಬೇಡ. ಹೆಸರು ಹಿಡಿದು ಕರೆಯಲೇಬೇಡಿ. ಮಗು ಮೊದಲು ಫೋನಿನತ್ತ ನೋಡುತ್ತದೆ, ಕೈಚಾಚುತ್ತದೆ, ಆಮೇಲೆ ಮರೆಯುತ್ತದೆ. ಮರೆತ ಮೇಲೆ ಶುರು. ಅಂಗಳದ ಕಡ್ಲೆಕಾಯಿ ರಾಶಿಯಲ್ಲಿ ಕೂತು ಒಂದು ಕಾಯಿ ಸುಲಿಯಲು ಹಲ್ಲು, ಉಗುರು, ಕಲ್ಲು ಎಲ್ಲವನ್ನೂ ಪ್ರಯೋಗಿಸುವ ಆ ಗಂಭೀರ ಮುಖ! ಅಜ್ಜಿ ಜಡೆ ಎಳೆದು ಹೆಣೆಯುವಾಗ ಕಣ್ಣು ಕಿರಿದಾಗುವುದು, ಇಸ್ತ್ರಿ ಮಾಡಿಟ್ಟ ಯೂನಿಫಾರಂ ಮೇಲೆ ನಾಯಿಮರಿ ಕೂರಿಸುವುದು, ಇವೆಲ್ಲ ಹೇಳಿ ಮಾಡಿಸಿದರೆ ಬರುವಂಥವಲ್ಲ. ಬಿದ್ದು ಅತ್ತಾಗ ಮಾತ್ರ ಫೋನು ಕೆಳಗಿಟ್ಟು ಎತ್ತಿಕೊಳ್ಳಿ. ಸ್ನಾನದ ಫೋಟೋ ನಿಮ್ಮ ಫೋನಿನಲ್ಲೂ ಬೇಡ, ಬಳಗದ ವಾಟ್ಸಾಪಿಗಂತೂ ಬೇಡವೇ ಬೇಡ. ಅದು ನಾಳೆ ಬೆಳೆದು ನಿಲ್ಲುವ ಮನುಷ್ಯನ ಮಾನ.

ಇಷ್ಟೆಲ್ಲ ಸಿಕ್ಕ ಮೇಲೂ ಪಟ ಆಗುವುದಿಲ್ಲ ಎಂಬುದೇ ನನ್ನ ಕೊರಗು. ಪಟ ಆಗಬೇಕಾದರೆ ಅದು ಕಾಗದಕ್ಕೆ ಬರಬೇಕು, ಕಟ್ಟು ಹಾಕಿಸಬೇಕು, ಮೊಳೆಗೆ ತೂಗಬೇಕು. ನಮ್ಮ ಗೋಡೆಯ ಮೇಲೆ ಯಾರಿದ್ದಾರೆ? ವೆಂಕಟರಮಣಸ್ವಾಮಿ, ಸರಸ್ವತಿ, ಹಾರ ಹಾಕಿಸಿಕೊಂಡ ಹಿರಿಯರು. ಫೋಟೋ ತೆಗೆದರೆ ಆಯಸ್ಸು ಕಡಿಮೆ ಎಂಬ ಹಳೆಯ ಅಂಜಿಕೆ, ಮಗುವಿಗೆ ದೃಷ್ಟಿಯಾದೀತೆಂಬ ಹೆದರಿಕೆ ಸೇರಿ, ಗೋಡೆ ಹೋದವರ ಜಾಗವಾಯಿತು. ‘ಪಟವಾದ’ ಎಂದರೆ ಕೆಲವರಿಗೆ ಎದೆ ಝಲ್ಲೆನ್ನುವುದು ಅದಕ್ಕೇ. ಇರುವವರ ಮುಖಗಳು ಫೋನಿನಲ್ಲಿ ಸಾವಿರಗಟ್ಟಲೆ ಸೇರಿ, ಫೋನು ಕೆಟ್ಟ ದಿನ ಒಟ್ಟಿಗೆ ಮಾಯವಾಗುತ್ತವೆ.

ದೇವರ ಪಟಕ್ಕೆ ಕಟ್ಟು ಹಾಕುವ ಅಂಗಡಿಯಲ್ಲೇ ಮಗುವಿನ ಫೋಟೋಗೂ ಕಟ್ಟು ಹಾಕಿಕೊಡುತ್ತಾರೆ. ಸಾವಿರದಲ್ಲಿ ಒಂದು ಸಾಕು, ಆ ಕಡ್ಲೆಕಾಯಿ ಸುಲಿಯುವುದನ್ನೇ ಕೊಡಿ. ಮೊಳೆಯನ್ನು ದೇವರ ಸಾಲಿನಷ್ಟು ಎತ್ತರಕ್ಕೆ ಹೊಡೆಯಬೇಡಿ. ಮಗು ನಿಂತು ತನ್ನನ್ನು ತಾನೇ ನೋಡಿಕೊಳ್ಳುವಂತಿರಲಿ.