ಕಾಡುಕೋಳಿ ಗರಿಗೆ ವಿದೇಶದಲ್ಲಿ ಬಂಗಾರದ ಬೆಲೆ? ಮೀನು ಹಿಡಿಯುವ ‘ಫ್ಲೈ’ ಬಗ್ಗೆ ತಿಳಿಯಬೇಕಾದದ್ದು

“ಕಾಡುಕೋಳಿ ಕುತ್ತಿಗೆ ಗರಿ, ನವಿಲುಗರಿ ಸಿಕ್ಕರೆ ಎಸೀಬೇಡಿ. ಫಾರಿನ್‌ನವರು ಮೀನು ಹಿಡಿಯೋಕೆ ಸಾವಿರಾರು ರೂಪಾಯಿ ಕೊಟ್ಟು ತಗೋತಾರೆ.” ಇಂಥ ಮಾತು ಗ್ರೂಪಿನಿಂದ ಗ್ರೂಪಿಗೆ ಸುಲಭವಾಗಿ ಓಡುತ್ತದೆ. ನಮ್ಮ ಕೊಟ್ಟೂರು, ಕೂಡ್ಲಿಗಿ ಕಡೆ ಹೊಲದಲ್ಲಿ ನವಿಲಿಗೆ ಬರವಿಲ್ಲ. ಹಾಗಾಗಿ ಓದಿದವರಿಗೆ ಆಸೆ ಹುಟ್ಟುವುದು ಸಹಜ. ಈ ಮಾತಿನಲ್ಲಿ ಅರ್ಧ ನಿಜವಿದೆ. ಆದರೆ ಉಳಿದರ್ಧವನ್ನು ನಂಬಿ ಹೊರಟರೆ ಜೈಲಿನ ದಾರಿ.

ಮೊದಲು ನಿಜ ಏನೆಂದು ನೋಡೋಣ. ನಾವು ಗಾಳಕ್ಕೆ ಎರೆಹುಳ ಚುಚ್ಚುತ್ತೇವೆ. ಇನ್ನೊಂದು ಪದ್ಧತಿಯಲ್ಲಿ ಗಾಳದ ಮೇಲೆಯೇ ದಾರದಿಂದ ಗರಿ, ಕೂದಲು ಸುತ್ತಿ ಹುಳದಂತೆಯೋ ಮರಿಮೀನಿನಂತೆಯೋ ಕಾಣುವ ಗೊಂಬೆ ಕಟ್ಟುತ್ತಾರೆ. ಇದೇ ‘ಫ್ಲೈ’. ಹೆಸರು ನೊಣದ್ದಾದರೂ ಎಲ್ಲವೂ ನೊಣದಂತೆ ಇರುವುದಿಲ್ಲ. ‘ಸ್ಟ್ರೀಮರ್’ ಎಂಬ ಉದ್ದನೆಯ ಬಗೆ ಮರಿಮೀನಿನ ನಕಲು. ಅಮೆರಿಕದ ಮೇಯ್ನ್ ರಾಜ್ಯದ ಕ್ಯಾರಿ ಸ್ಟೀವನ್ಸ್ ಎಂಬ ಮಹಿಳೆ 1924ರಲ್ಲಿ ತಾನೇ ಕಟ್ಟಿದ ಸ್ಟ್ರೀಮರ್‌ನಿಂದ ಸುಮಾರು 3 ಕೆಜಿಯ ಟ್ರೌಟ್ ಮೀನು ಹಿಡಿದು ಹೆಸರಾದರು. ಆಕೆ ಹೆಂಗಸರ ಟೋಪಿ ಹೊಲಿಯುತ್ತಿದ್ದವರು. ಗರಿ, ದಾರ ಕೈಗೆ ಪಳಗಿತ್ತು.

ಇಷ್ಟು ದೊಡ್ಡ ಮೀನು ಗರಿಗೆ ಮೋಸ ಹೋಗುವುದು ಹೇಗೆ? ಬಣ್ಣ ಒಂದು ಕಾರಣ, ಅಷ್ಟೇ. ಒದ್ದೆ ಗರಿಯನ್ನು ನೀರಿನಲ್ಲಿ ಎಳೆದಾಗ ಅದು ಮುದುಡುತ್ತದೆ, ಎಳೆತ ನಿಲ್ಲಿಸಿದರೆ ಮತ್ತೆ ಅರಳುತ್ತದೆ. ಎಳೆ, ನಿಲ್ಲಿಸು, ಎಳೆ: ನೋಡುವ ಮೀನಿಗೆ ಅದು ಗಾಯಗೊಂಡು ತಡವರಿಸುವ ಮರಿ. ಇದರ ಜೊತೆಗೆ ಮೀನಿನ ಮೈಯ ಎರಡೂ ಪಕ್ಕದಲ್ಲಿ ನೀರಿನ ಅಲುಗಾಟ ಗ್ರಹಿಸುವ ಪಾರ್ಶ್ವರೇಖೆ ಇರುತ್ತದೆ. ಕಣ್ಣಿಗೆ ಸರಿಯಾಗಿ ಕಾಣದ ಕೆಂಪು ನೀರಿನಲ್ಲೂ ಅಲುಗುವ ವಸ್ತು ಅದಕ್ಕೆ ಗೊತ್ತಾಗುತ್ತದೆ.

‘ಟ್ಯೂಬ್ ಫ್ಲೈ’ ಇದರ ತಮ್ಮನಿದ್ದಂತೆ. ಇಲ್ಲಿ ಗರಿ ಕಟ್ಟುವುದು ಗಾಳದ ಮೇಲಲ್ಲ, ಪ್ಲಾಸ್ಟಿಕ್ ಅಥವಾ ಹಿತ್ತಾಳೆಯ ಸಣ್ಣ ಕೊಳವೆಯ ಮೇಲೆ. ದಾರವನ್ನು ಕೊಳವೆಯೊಳಗೆ ತೂರಿಸಿ ತುದಿಗೆ ಗಾಳ ಕಟ್ಟುತ್ತಾರೆ. ಉದ್ದ ಕಾಲಿನ ಗಾಳ ಬಾಯಿಗೆ ಸಿಕ್ಕ ಮೀನು ತಲೆ ಕೊಡವಿದರೆ ಆ ಉದ್ದವೇ ಸನ್ನೆಕೋಲಿನಂತೆ ಕೆಲಸ ಮಾಡಿ ಗಾಳ ಕಳಚುತ್ತದೆ. ಟ್ಯೂಬ್‌ನಲ್ಲಿ ಹಾಗಾಗುವುದು ಕಡಿಮೆ: ಗಾಳ ಚಿಕ್ಕದು, ಗರಿ ಕಟ್ಟಿದ ಕೊಳವೆ ದಾರದ ಮೇಲೆ ಜಾರಿ ಹೋಗುತ್ತದೆ, ಮೀನಿನ ಹಲ್ಲಿಗೂ ಸಿಗದೆ ಬಾಳಿಕೆ ಬರುತ್ತದೆ. ಗಾಳ ಮೊಂಡಾದರೆ ಗಾಳವನ್ನಷ್ಟೇ ಬದಲಿಸಿದರಾಯಿತು.

ಈಗ ಗರಿಯ ವಿಷಯ. ದಕ್ಷಿಣ ಭಾರತದ ಬೂದು ಕಾಡುಕೋಳಿ ಹುಂಜದ ಕುತ್ತಿಗೆ ಗರಿಯಲ್ಲಿ ಮೇಣ ಹಚ್ಚಿದಂತೆ ಹೊಳೆಯುವ ಚುಕ್ಕಿಗಳಿವೆ. ಫ್ಲೈಯ ಕೆನ್ನೆಗೆ ಒಂದೊಂದು ಕಟ್ಟಿದರೆ ಥೇಟ್ ಮೀನಿನ ಕಣ್ಣು. ಬ್ರಿಟಿಷರ ಕಾಲದಿಂದಲೂ ಇದಕ್ಕೆ ಬೇಡಿಕೆ ಇತ್ತು. ಕಾಡುಹಕ್ಕಿಗಳ ಗರಿ ಹೀಗೆ ಹಡಗು ಹತ್ತುವುದನ್ನು ತಡೆಯಲು 1902ರಲ್ಲೇ ಸರ್ಕಾರ ರಫ್ತು ನಿಷೇಧಿಸಬೇಕಾಯಿತು. ಗರಿಯ ಹುಚ್ಚು ಎಷ್ಟೆಂದರೆ, 2009ರಲ್ಲಿ ಸಂಗೀತ ಕಲಿಯುತ್ತಿದ್ದ ಒಬ್ಬ ಯುವಕ ಇಂಗ್ಲೆಂಡಿನ ಟ್ರಿಂಗ್ ಮ್ಯೂಸಿಯಂಗೆ ನುಗ್ಗಿ 299 ಹಕ್ಕಿಗಳ ಒಣ ಚರ್ಮ ಕದ್ದ. ಸಾಲ್ಮನ್ ಮೀನಿನ ಫ್ಲೈ ಕಟ್ಟುವವರಿಗೆ ಮಾರುವುದು ಅವನ ಲೆಕ್ಕ. ಹಾಗಾಗಿ “ದುಡ್ಡು ಕೊಡುವವರಿದ್ದಾರೆ” ಎಂಬುದು ಸುಳ್ಳಲ್ಲ.

ಸುಳ್ಳು ಇರುವುದು “ನೀವೂ ಮಾರಬಹುದು” ಎಂಬಲ್ಲಿ. ಕಾಡುಕೋಳಿ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ರಕ್ಷಣೆಯಲ್ಲಿರುವ ಹಕ್ಕಿ. ಬಲೆ ಹಾಕುವುದು, ಗರಿ ಮಾರುವುದು ಎರಡೂ ಅಪರಾಧ. ಹೊರದೇಶದಲ್ಲಿ ಕಾನೂನುಬದ್ಧವಾಗಿ ಸಿಗುವ ಗರಿ ಅಲ್ಲೇ ಫಾರಂನಲ್ಲಿ ಸಾಕಿದ ಕಾಡುಕೋಳಿಗಳದ್ದು, ನಮ್ಮ ಗುಡ್ಡದ್ದಲ್ಲ. ನವಿಲಿನದು ಸ್ವಲ್ಪ ಬೇರೆ. ತಾನಾಗಿ ಉದುರಿದ ಬಾಲದ ಗರಿ ಮನೆಯಲ್ಲಿಟ್ಟರೆ, ದೇಶದೊಳಗೆ ಕೊಟ್ಟು ತಗೊಂಡರೆ ತಪ್ಪಿಲ್ಲ. ಆದರೆ ರಫ್ತು ನಿಷಿದ್ಧ. ಪಾರ್ಸೆಲ್ ಮಾಡಿ ಹೊರದೇಶಕ್ಕೆ ಕಳಿಸುವಂತಿಲ್ಲ. ಕಿತ್ತ ಗರಿಯ ಬುಡದಲ್ಲಿ ರಕ್ತದ ಗುರುತು ಇರುತ್ತದೆ, ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ನವಿಲು ಮೊದಲನೇ ಷೆಡ್ಯೂಲಿನ ಹಕ್ಕಿ. ಅದನ್ನು ಕೊಂದರೆ ಈಗಿನ ಕಾಯ್ದೆಯಲ್ಲಿ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಮೇಲೆ ಕನಿಷ್ಠ 25,000 ರೂಪಾಯಿ ದಂಡ.

ಮೀನಿಗಂತೂ ಆ ಗರಿಯೇ ಬೇಕೆಂದಿಲ್ಲ. ಬೆಲೆ ಮನುಷ್ಯರ ಷೋಕಿಯದ್ದು. ನಾಟಿಕೋಳಿ ಹುಂಜದ ಕುತ್ತಿಗೆ ಗರಿ, ಮೇಕೆಯ ಉದ್ದ ಕೂದಲು, ಕಂಬಳಿ ನೇಯುವ ಕರಿ ಕುರಿಯ ಉಣ್ಣೆ ಸಾಕು. ಖಾಲಿಯಾದ ಬಾಲ್‌ಪೆನ್ ರೀಫಿಲ್ ತೊಳೆದು ಬೆರಳಗಲ ಕತ್ತರಿಸಿ. ಎರಡೂ ತುದಿ ಬೆಂಕಿಗೆ ಸೋಕಿಸಿದರೆ ಅಂಚು ಉಬ್ಬುತ್ತದೆ, ಸುತ್ತಿದ ದಾರ ಜಾರುವುದಿಲ್ಲ. (ಹೆಚ್ಚು ಕಾಯಿಸಿ ತೂತೇ ಮುಚ್ಚಿಕೊಂಡದ್ದು ನನ್ನ ಮೊದಲ ಪ್ರಯತ್ನ.) ರೀಫಿಲ್ ಒಳಗೆ ದಬ್ಬಳ ತೂರಿಸಿ ಹಿಡಿದುಕೊಂಡು, ಮುಂದಿನ ತುದಿಯ ಹತ್ತಿರ ಕೂದಲನ್ನು ಸುತ್ತಲೂ ಸಮನಾಗಿ ಹರಡಿ ಬಿಗಿಯಾಗಿ ಸುತ್ತಿ. ಕೂದಲು ತುಂಬಿದರೆ ಚೆಂದ ಎಂದುಕೊಳ್ಳಬೇಡಿ. ತೆಳುವಾಗಿದ್ದಷ್ಟೂ ಚೆನ್ನಾಗಿ ಅಲುಗುತ್ತದೆ. ಗಂಟಿನ ಮೇಲೆ ಒಂದು ಹನಿ ನೇಲ್ ಪಾಲಿಶ್.

ಇದನ್ನು ಎಲ್ಲಿ ಬೇಕಾದರೂ ಎಸೆಯಬಹುದೇ? ಇಲ್ಲ. ಊರ ಕೆರೆಯ ಮೀನಿಗೆ ಬಹಳಷ್ಟು ಕಡೆ ಗುತ್ತಿಗೆದಾರರಿರುತ್ತಾರೆ, ಜಲಾಶಯಕ್ಕೆ ಅನುಮತಿ ಬೇಕು. ಮೊದಲು ಪಂಚಾಯಿತಿಯಲ್ಲೋ ಮೀನುಗಾರಿಕೆ ಇಲಾಖೆಯಲ್ಲೋ ಕೇಳಿ. ತುಂಗಭದ್ರೆಯಲ್ಲಿ ಮುದ್ಲಾಪುರದಿಂದ ಕಂಪ್ಲಿವರೆಗಿನ ಸುಮಾರು 34 ಕಿ.ಮೀ. 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ, ಜೊತೆಗೆ ಅಲ್ಲಿ ಮೊಸಳೆಗಳೂ ಇವೆ. ಅತ್ತ ಹೋಗಬೇಡಿ.

ಇನ್ನೊಂದು ಮಾತು. “ಮೀನು ಹಸಿದಾಗ ಮಾತ್ರ ಗಾಳ ಕಚ್ಚುತ್ತದೆ” ಎನ್ನುವುದೂ ಪೂರ್ತಿ ನಿಜವಲ್ಲ. ಕೊರವ ಮೀನು ಮರಿಗಳ ಗುಂಪಿನ ಕೆಳಗೇ ಇದ್ದು ಕಾವಲು ಕಾಯುತ್ತದೆ. ಹತ್ತಿರ ಬಂದ ಏನನ್ನಾದರೂ ಹೊಟ್ಟೆಗಲ್ಲ, ಸಿಟ್ಟಿಗೆ ಕಚ್ಚುತ್ತದೆ. ನೀರಿನ ಮೇಲೆ ಕೆಂಪು-ಕಿತ್ತಳೆ ಬಣ್ಣದ ಸಣ್ಣ ಮರಿಗಳು ಒಟ್ಟಾಗಿ ಬುಳುಬುಳು ಅನ್ನುತ್ತಿದ್ದರೆ ಗಾಳ ಎಸೆಯಬೇಡಿ. ಆಗ ತಾಯಿ-ತಂದೆ ಮೀನು ಸಿಗುವುದು ಬಹಳ ಸುಲಭ, ಆದರೆ ಕಾವಲು ತಪ್ಪಿದ ಮರಿಗಳು ಬೇರೆ ಮೀನುಗಳ ಬಾಯಿಗೆ ಹೋಗುತ್ತವೆ.

ಗರಿ ಕೊಳ್ಳುತ್ತೇವೆ ಎಂದು ಯಾರಾದರೂ ನಂಬರ್ ಕೊಟ್ಟರೆ ಅದನ್ನು ಮುಂದೆ ಕಳಿಸಬೇಡಿ. ಸ್ಕ್ರೀನ್‌ಶಾಟ್ ತೆಗೆದು ಹತ್ತಿರದ ಅರಣ್ಯ ಇಲಾಖೆ ಕಚೇರಿಗೆ ತೋರಿಸಿ.