ಬಾಂಟಿಂಗನ ಪತ್ರ ಮತ್ತು ವೃದ್ಧಾಪ್ಯದ ವ್ಯಾಯಾಮ

ಕ್ರಿ.ಶ. 1863ರಲ್ಲಿ ಲಂಡನ್ ನಗರದಲ್ಲಿ, ಸಾರ್ವಜನಿಕರನ್ನು ಉದ್ದೇಶಿಸಿ ಬರೆದ ಒಂದು ಪತ್ರವು ಕಿರುಹೊತ್ತಗೆಯ ರೂಪದಲ್ಲಿ ಅಚ್ಚಾಯಿತು. ದೇಹದ ಸ್ಥೂಲತೆಯೇ ಅದರ ವಿಷಯ. ಬರೆದವನು ವೈದ್ಯನಲ್ಲ, ವಿದ್ವಾಂಸನೂ ಅಲ್ಲ. ರಾಜಮನೆತನದವರ ಉತ್ತರಕ್ರಿಯೆಗೆ ಬೇಕಾದ ಏರ್ಪಾಟುಗಳನ್ನು ನಡೆಸಿಕೊಡುತ್ತಿದ್ದ ಮನೆಗೆ ಸೇರಿದ ವಿಲಿಯಂ ಬಾಂಟಿಂಗ್ ಎಂಬ ನಿವೃತ್ತ ವರ್ತಕ. 1852ರಲ್ಲಿ ವೆಲಿಂಗ್ಟನ್ ಡ್ಯೂಕನ ಶವಯಾತ್ರೆಯ ವ್ಯವಸ್ಥೆಯಲ್ಲಿಯೂ ಈ ಮನೆಯವರ ಕೈಯಿತ್ತು. ಪರರ ದೇಹಭಾರವನ್ನು ಹೊರಿಸುವ ವೃತ್ತಿಯವನು ಕೊನೆಗೆ ತನ್ನ ದೇಹಭಾರದ ವೃತ್ತಾಂತವನ್ನು ಬರೆದನೆಂಬುದು ಆ ಕಾಲದ ವಿನೋದಪ್ರಿಯರಿಗೆ ಒಳ್ಳೆಯ ಗ್ರಾಸವಾಗಿರಬೇಕು.

ಪತ್ರವನ್ನು ಬರೆದಾಗ ಬಾಂಟಿಂಗನಿಗೆ 66 ವರ್ಷ. ಎತ್ತರ 5 ಅಡಿ 5 ಅಂಗುಲ; 1862ರ ಆಗಸ್ಟ್ ತಿಂಗಳಲ್ಲಿ ಅವನ ತೂಕ 202 ಪೌಂಡು. ಬಗ್ಗಿ ಪಾದರಕ್ಷೆಯ ದಾರವನ್ನು ಕಟ್ಟಿಕೊಳ್ಳಲು ಅವನಿಗೆ ಆಗುತ್ತಿರಲಿಲ್ಲ. ಮೊಣಕಾಲು ಮತ್ತು ಹರಡುಗಳ ಮೇಲೆ ಬೀಳುವ ಭಾರವನ್ನು ತಪ್ಪಿಸುವುದಕ್ಕಾಗಿ ಮಹಡಿಯ ಮೆಟ್ಟಿಲುಗಳನ್ನು ಹಿಮ್ಮುಖವಾಗಿ, ಒಂದೊಂದಾಗಿ ಇಳಿಯುತ್ತಿದ್ದನು. ಕಿವಿಯೂ ಮಂದವಾಗುತ್ತ ಬಂದಿತ್ತು. ಅದರ ನಿಮಿತ್ತವಾಗಿ ಕಂಡ ವಿಲಿಯಂ ಹಾರ್ವೆ ಎಂಬ ಕರ್ಣವೈದ್ಯನು ಪ್ಯಾರಿಸಿನಲ್ಲಿ ಕ್ಲೋದ್ ಬರ್ನಾರನ ಉಪನ್ಯಾಸಗಳನ್ನು ಕೇಳಿ ಬಂದಿದ್ದವನು. ಅವನು ರೊಟ್ಟಿ, ಬೆಣ್ಣೆ, ಹಾಲು, ಸಕ್ಕರೆ, ಬಿಯರು, ಆಲೂಗಡ್ಡೆ ಇವುಗಳನ್ನು ವರ್ಜಿಸುವಂತೆ ವಿಧಿಸಿದನು. ಸುಮಾರು ಒಂದು ವರ್ಷದಲ್ಲಿ ಬಾಂಟಿಂಗನ ತೂಕ 46 ಪೌಂಡು ಇಳಿಯಿತು. ನಡುವಿನ ಸುತ್ತಳತೆ 12¼ ಅಂಗುಲ ಕಡಿಮೆಯಾಯಿತು. ಅವನ ಹೆಸರೇ ಕ್ರಿಯಾಪದವಾಗಿ, ಸ್ವೀಡಿಷ್ ಭಾಷೆಯಲ್ಲಿ ಪಥ್ಯದಿಂದ ಮೈ ಇಳಿಸುವುದಕ್ಕೆ ಇಂದಿಗೂ 'ಬಾಂಟಾ' ಎಂದೇ ಹೇಳುತ್ತಾರೆ.

ಪಥ್ಯದ ಈ ಭಾಗವು ಸುಪ್ರಸಿದ್ಧವಾದುದರಿಂದ ಅದನ್ನು ಇಲ್ಲಿ ಬೆಳೆಸುವುದಿಲ್ಲ. ನಾವು ಪರಿಶೀಲಿಸಹೊರಟಿರುವುದು ಅದೇ ಪತ್ರದಲ್ಲಿ ಬರುವ ದೋಣಿಯ ಪ್ರಸಂಗವನ್ನು. ಸ್ಥೂಲತೆ ತಲೆದೋರಿದ ಮೊದಲ ದಿನಗಳಲ್ಲಿ, ಅಂದರೆ ಅವನಿನ್ನೂ ವೃತ್ತಿಯಲ್ಲಿ ತೊಡಗಿದ್ದ ಕಾಲದಲ್ಲಿ, ಸ್ನೇಹಿತನಾದ ಒಬ್ಬ ಶಸ್ತ್ರವೈದ್ಯನು ಅವನಿಗೆ ದೋಣಿ ನಡೆಸುವ ವ್ಯಾಯಾಮವನ್ನು ಸೂಚಿಸಿದ್ದನು. ಮನೆ ನದಿಯ ಸಮೀಪದಲ್ಲಿತ್ತು. ಭಾರವಾದ ದೋಣಿಯೊಂದನ್ನು ಪ್ರತಿದಿನ ಬೆಳಗ್ಗೆ ಎರಡು ಗಂಟೆಗಳ ಕಾಲ ನಡೆಸಿದುದರ ಫಲವಾಗಿ ಮಾಂಸಖಂಡಗಳಿಗೆ ಬಲ ಬಂದಿತು. ಅದರೊಡನೆ ಅಸಾಧಾರಣವಾದ ಹಸಿವೂ ಬಂದು ತೂಕ ಹೆಚ್ಚಿತು. ಅದೇ ವೈದ್ಯನು ವ್ಯಾಯಾಮವನ್ನು ಬಿಡಿಸಿದನು. ಮುಂದೆ ನಡಿಗೆ, ಕುದುರೆ ಸವಾರಿ, ಸಮುದ್ರಸ್ನಾನಗಳೂ ತೂಕವನ್ನು ಇಳಿಸಲಿಲ್ಲವೆಂದು ಅವನು ಹೇಳಿದ್ದಾನೆ.

ವ್ಯಾಯಾಮದಿಂದ ಪ್ರಯೋಜನವಿಲ್ಲವೆಂದು ಸಾಧಿಸಹೊರಟ ಕೆಲವು ಲೇಖಕರು ಇತ್ತೀಚಿನ ದಿನಗಳಲ್ಲಿಯೂ ಈ ಪ್ರಸಂಗವನ್ನು ಸಾಕ್ಷಿಯಾಗಿ ಮುಂದಿಟ್ಟಿದ್ದಾರೆ. ಈ ವಾದವನ್ನು ನಾವು ಒಪ್ಪಲಾರೆವು. ದೋಣಿಯ ಅನುಭವ ನಡುವಯಸ್ಸಿನದು. ಪಥ್ಯದ ಅನುಭವ ಮುಪ್ಪಿನದು. ಇವೆರಡರ ನಡುವೆ ದೀರ್ಘಕಾಲ ಕಳೆದುಹೋಗಿದೆ. ಒಂದೇ ಹೊತ್ತಗೆಯಲ್ಲಿ ಅಕ್ಕಪಕ್ಕದಲ್ಲಿ ಬಂದ ಮಾತ್ರಕ್ಕೆ ಅವು ಒಂದೇ ಪ್ರಯೋಗದ ಎರಡು ಭಾಗಗಳಾಗುವುದಿಲ್ಲ. ಇನ್ನೂ ಮುಖ್ಯವಾದುದೆಂದರೆ, ಬಲ ಬಂದಿತೆಂಬುದನ್ನು ಬಾಂಟಿಂಗನು ಸ್ಪಷ್ಟವಾಗಿ ಒಪ್ಪಿಕೊಂಡಿದ್ದಾನೆ. ಅವನು ಲೆಕ್ಕಕ್ಕೆ ಹಿಡಿದುದು ತಕ್ಕಡಿಯನ್ನು ಮಾತ್ರ. ಆದುದರಿಂದ ಆ ಲಾಭವು ಲೆಕ್ಕದಿಂದ ಬಿಟ್ಟುಹೋಯಿತು.

ಇಲ್ಲಿ ನಮ್ಮ ವೈದ್ಯಗ್ರಂಥಗಳ ಮಾತು ಸಹಜವಾಗಿ ನೆನಪಿಗೆ ಬರುತ್ತದೆ. ವಯಸ್ಸು, ಬಲ, ಶರೀರ, ದೇಶ, ಕಾಲ, ಆಹಾರಗಳನ್ನು ನೋಡಿಕೊಂಡು ವ್ಯಾಯಾಮ ಮಾಡಬೇಕು, ಅದೂ ಅರ್ಧಶಕ್ತಿಯಷ್ಟೇ ಎಂಬುದು ಸುಶ್ರುತಸಂಹಿತೆಯ ಮತ. ವಾಗ್ಭಟನಾದರೋ ಬಾಲರಿಗೂ ವೃದ್ಧರಿಗೂ ವ್ಯಾಯಾಮವನ್ನೇ ನಿಷೇಧಿಸುತ್ತಾನೆ. ಭಾರವಾದ ದೋಣಿಯನ್ನು ಎರಡು ಗಂಟೆ ನಡೆಸುವುದು ಯಾವ ಲೆಕ್ಕದಲ್ಲಿಯೂ ಅರ್ಧಶಕ್ತಿಯೆನಿಸದು. ವಾಗ್ಭಟನ ನಿಷೇಧವು ಮಾತ್ರ ಈಚಿನ ಪರೀಕ್ಷೆಗಳ ಮುಂದೆ ನಿಲ್ಲುವಂತಿಲ್ಲ.

ಆ ಪರೀಕ್ಷೆಗಳಲ್ಲಿ ಮೊದಲನೆಯದು ಲಂಡನ್ನಿನಲ್ಲಿಯೇ ನಡೆದುದು. ಜೆರ್ರಿ ಮಾರಿಸ್ ಎಂಬ ವೈದ್ಯನು 1953ರಲ್ಲಿ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಕುರಿತ ಸಂಶೋಧನೆಯನ್ನು ಪ್ರಕಟಿಸಿದನು. ದಿನವೆಲ್ಲ ಕುಳಿತಿರುವ ಚಾಲಕರಿಗಿಂತ, ದಿನವೆಲ್ಲ ಮೆಟ್ಟಿಲು ಹತ್ತಿ ಇಳಿಯುವ ನಿರ್ವಾಹಕರಲ್ಲಿ ಹೃದ್ರೋಗವು ಕಡಿಮೆಯೆಂಬುದು ಕಂಡುಬಂದಿತು. ಆದರೆ ಚಾಲಕರು ಕೆಲಸಕ್ಕೆ ಸೇರುವ ಮೊದಲೇ ಸ್ಥೂಲರಾಗಿದ್ದಿರಬಾರದೇಕೆ? ಈ ಸಂಶಯವನ್ನು ಮಾರಿಸನೇ ಎತ್ತಿ, ಸಮವಸ್ತ್ರದ ಷರಾಯಿಗಳ ನಡುವಿನ ಅಳತೆಗಳನ್ನು ತರಿಸಿ ನೋಡಿ, ಚಾಲಕರ ನಡುವೇ ದೊಡ್ಡದೆಂಬುದನ್ನು 1956ರಲ್ಲಿ ಪ್ರಕಟಿಸಿದನು. ತನ್ನ ಸಿದ್ಧಾಂತಕ್ಕೆ ಎದುರಾದ ಸಾಕ್ಷ್ಯವನ್ನು ತಾನೇ ಹುಡುಕಿ ಹೊರಗಿಟ್ಟ ಈ ಪ್ರಾಮಾಣಿಕತೆ ಶ್ಲಾಘನೀಯ. 1910ರಲ್ಲಿ ಹುಟ್ಟಿದ ಮಾರಿಸನು ಇಳಿವಯಸ್ಸಿನಲ್ಲಿಯೂ ವ್ಯಾಯಾಮವನ್ನು ಬಿಡದೆ 2009ರವರೆಗೆ ಬದುಕಿದ್ದನು.

ಆದರೂ ಬಾಂಟಿಂಗನ ಪತ್ರವು ಎಬ್ಬಿಸುವ ಮೂಲಪ್ರಶ್ನೆಗೆ ಬಸ್ಸಿನ ಲೆಕ್ಕದಲ್ಲಿ ಉತ್ತರವಿಲ್ಲ. ಅವನು ಕಳೆದುಕೊಂಡ 46 ಪೌಂಡುಗಳಲ್ಲಿ ಕೊಬ್ಬು ಎಷ್ಟು, ಮಾಂಸಖಂಡವೆಷ್ಟು? 1863ರಲ್ಲಿ ಇದನ್ನು ಅಳೆಯುವ ಸಾಧನವಿರಲಿಲ್ಲ. ಮುದುಕನಾದವನಿಗೆ ಇದು ಸಣ್ಣ ಪ್ರಶ್ನೆಯಲ್ಲ. ವಯಸ್ಸಿನಿಂದ ಹೇಗೂ ಕರಗುವ ಮಾಂಸಖಂಡವನ್ನು ಪಥ್ಯವೂ ಕರಗಿಸಿದರೆ, ತೂಕ ಇಳಿದವನು ಕುರ್ಚಿಯಿಂದ ಏಳಲು ಪರರ ಕೈಯನ್ನು ಹಿಡಿಯಬೇಕಾಗಿ ಬರಬಹುದು.

ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ವಿಯರಿಯಲ್ ಮತ್ತು ಅವನ ಸಂಗಡಿಗರು ನಡೆಸಿ 2011ರಲ್ಲಿ ಪ್ರಕಟಿಸಿದ ಪ್ರಯೋಗವು ಈ ಪ್ರಶ್ನೆಯನ್ನೇ ಕೈಗೆತ್ತಿಕೊಂಡಿತು. 65 ವರ್ಷಕ್ಕೆ ಮೇಲ್ಪಟ್ಟ 107 ಮಂದಿ ಸ್ಥೂಲಕಾಯರು ಅದರಲ್ಲಿ ಒಂದು ವರ್ಷ ಭಾಗವಹಿಸಿದರು. ಪಥ್ಯವನ್ನು ಮಾತ್ರ ಮಾಡಿದವರ ತೂಕ ನೂರಕ್ಕೆ 10ರಷ್ಟು, ಪಥ್ಯ ವ್ಯಾಯಾಮಗಳೆರಡನ್ನೂ ಮಾಡಿದವರ ತೂಕ ನೂರಕ್ಕೆ 9ರಷ್ಟು ಇಳಿಯಿತು. ತಕ್ಕಡಿಯೊಂದನ್ನೇ ನಂಬುವವನಿಗೆ ಇಲ್ಲಿ ಭೇದವೇ ಕಾಣದು. ಆದರೆ ಕೊಬ್ಬಿಲ್ಲದ ದೇಹಭಾಗದ ನಷ್ಟವು ಮೊದಲನೆಯವರಲ್ಲಿ ನೂರಕ್ಕೆ 5, ಎರಡನೆಯವರಲ್ಲಿ 3. ಸೊಂಟದ ಮೂಳೆಯ ಸಾಂದ್ರತೆಯ ನಷ್ಟವೂ ಎರಡನೆಯವರಲ್ಲಿ ಕಡಿಮೆ. ದೈಹಿಕ ಸಾಮರ್ಥ್ಯದ ಅಂಕಗಳು ಪಥ್ಯದವರಲ್ಲಿ ನೂರಕ್ಕೆ 12, ವ್ಯಾಯಾಮವನ್ನು ಮಾತ್ರ ಮಾಡಿದವರಲ್ಲಿ 15, ಎರಡನ್ನೂ ಕೂಡಿಸಿದವರಲ್ಲಿ 21ರಷ್ಟು ಹೆಚ್ಚಿದವು. ತೂಕವನ್ನು ಇಳಿಸದ ವ್ಯಾಯಾಮವು ಸಾಮರ್ಥ್ಯವನ್ನು ಹೆಚ್ಚಿಸಿತೆಂಬುದು ದೋಣಿಯ ಪ್ರಸಂಗಕ್ಕೆ ತಡವಾಗಿ ದೊರೆತ ವ್ಯಾಖ್ಯಾನವೆಂದು ನಾವು ಭಾವಿಸುತ್ತೇವೆ.

ಆ ಸಾಮರ್ಥ್ಯಪರೀಕ್ಷೆಯ ಅಂಗಗಳು ತೀರ ಸಾಮಾನ್ಯವಾದ ಕೆಲಸಗಳು: ಕೋಟನ್ನು ತೊಟ್ಟು ತೆಗೆಯುವುದು, ನೆಲದ ಮೇಲಿನ ನಾಣ್ಯವನ್ನು ಬಗ್ಗಿ ಎತ್ತುವುದು, ಕುರ್ಚಿಯಿಂದ ಏಳುವುದು, ಮೆಟ್ಟಿಲು ಹತ್ತಿ ಇಳಿಯುವುದು. ಬಾಂಟಿಂಗನೂ ತನ್ನ ಪತ್ರದಲ್ಲಿ ಪೌಂಡುಗಳ ಲೆಕ್ಕದ ಜೊತೆಗೆ, ತಾನೀಗ ಮೆಟ್ಟಿಲುಗಳನ್ನು ಎಲ್ಲರಂತೆ ಮುಮ್ಮುಖವಾಗಿ ಇಳಿಯುತ್ತಿರುವೆನೆಂದು ಬರೆದಿದ್ದಾನೆ. ಅವನು ತೀರಿಕೊಂಡುದು 1878ರಲ್ಲಿ, ತನ್ನ 81ನೆಯ ವಯಸ್ಸಿನಲ್ಲಿ.