ಮದರಾಸಿನ ಬ್ಯಾಂಕ್ ಭವನವೂ ಬಾರಾಮಹಲಿನ ರೈತನೂ

ನಮ್ಮ ಶಾಲೆಯ ನೂರು ವರ್ಷಗಳಲ್ಲಿ ರಾಯಕೋಟೆ ಮೂರು ಜಿಲ್ಲೆಗಳಿಗೆ ಸೇರಿತು: ಮೊದಲು ಸೇಲಂ, 1965ರಿಂದ ಧರ್ಮಪುರಿ, 2004ರಿಂದ ಕೃಷ್ಣಗಿರಿ. ಮದರಾಸಿನ ನಂಟು ಮಾತ್ರ ಬದಲಾಗಲಿಲ್ಲ. ಮನೆಮಾತು ಕನ್ನಡವಾದರೂ ನಮ್ಮ ಹಿರಿಯರ ಕಂದಾಯ ಸಂದದ್ದು ಮದರಾಸು ಸರ್ಕಾರದ ಬೊಕ್ಕಸಕ್ಕೆ. ಆ ಬೊಕ್ಕಸದೊಡನೆ ಬೆಸೆದುಕೊಂಡ ಒಂದು ಕಟ್ಟಡದ ಇತಿಹಾಸವನ್ನು ಇಲ್ಲಿ ಹೇಳಬಯಸುತ್ತೇವೆ.

ಚೆನ್ನೈನ ರಾಜಾಜಿ ಸಾಲೈಯಲ್ಲಿ, ಬಂದರಿನ ಬಳಿ ನಿಂತಿರುವ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯನ್ನು ಓದುಗರಲ್ಲಿ ಹಲವರು ನೋಡಿರಬಹುದು. 1843ರಲ್ಲಿ ಆರಂಭವಾದ ಬ್ಯಾಂಕ್ ಆಫ್ ಮದ್ರಾಸ್‌ಗಾಗಿ 1897ರ ಹೊತ್ತಿಗೆ ಎದ್ದ ಭವನವಿದು. ಮೂಲ ನಕ್ಷೆ ಜೈಪುರದ ಕಟ್ಟಡಗಳಿಂದ ಖ್ಯಾತರಾದ ಕರ್ನಲ್ ಸ್ಯಾಮ್ಯುಯೆಲ್ ಜೇಕಬರದು. ಅದನ್ನು ತಿದ್ದಿದವರು ಹೆನ್ರಿ ಇರ್ವಿನ್. ಕಟ್ಟಿದ ಗುತ್ತಿಗೆದಾರರು ನಂಬೆರುಮಾಳ್ ಚೆಟ್ಟಿ. ಇರ್ವಿನ್ ಕನ್ನಡಿಗರಿಗೆ ಅಪರಿಚಿತರಲ್ಲ. 1897ರಲ್ಲಿ ಮೈಸೂರಿನ ಮರದ ಅರಮನೆ ಬೆಂಕಿಗೆ ಆಹುತಿಯಾದ ಮೇಲೆ ಇಂದಿನ ಅರಮನೆಯನ್ನು ರೂಪಿಸಿದವರು ಅವರೇ. ಬ್ಯಾಂಕಿನ ಗುಮ್ಮಟ, ಕಮಾನು, ಬಣ್ಣದ ಗಾಜುಗಳನ್ನು ಕಂಡಾಗ ಮೈಸೂರು ನೆನಪಾದರೆ ಅಚ್ಚರಿಯಿಲ್ಲ. ಲೇವಾದೇವಿಯ ಮನೆಗೆ ಅರಮನೆಯ ಈ ವೇಷವೇಕೆ? ಠೇವಣಿ ಇಡುವವರಲ್ಲಿ ಭರವಸೆ ಮೂಡಿಸಲೆಂದೇ ಇರಬೇಕು.

ಆದರೆ ಆ ಭರವಸೆ ಎಲ್ಲರಿಗೂ ಸಲ್ಲುವಂಥದ್ದಾಗಿರಲಿಲ್ಲ. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಬಾರಾಮಹಲು ಕಂಪನಿಯ ಕೈಸೇರಿತು. ಅಲೆಕ್ಸಾಂಡರ್ ರೀಡ್ ಮತ್ತು ಥಾಮಸ್ ಮನ್ರೋ ರೈತವಾರಿ ಕಂದಾಯ ಪದ್ಧತಿಗೆ ತಳಹದಿ ಹಾಕಿದ್ದು ಇದೇ ಸೀಮೆಯಲ್ಲಿ. ರೈತನು ನೇರವಾಗಿ ಸರ್ಕಾರಕ್ಕೆ ಹಣ ತೆರಬೇಕಾಯಿತು. 1862ರಲ್ಲಿ ನೋಟು ಹೊರಡಿಸುವ ಹಕ್ಕು ಸರ್ಕಾರಕ್ಕೆ ಹೋದಾಗ, ಅದಕ್ಕೆ ಬದಲಾಗಿ ಸರ್ಕಾರದ ಹಣವನ್ನು ಇಟ್ಟುಕೊಂಡು ಬಳಸುವ ಅನುಕೂಲ ಬ್ಯಾಂಕಿಗೆ ದೊರೆಯಿತು. 1876ರ ಪ್ರೆಸಿಡೆನ್ಸಿ ಬ್ಯಾಂಕುಗಳ ಕಾಯ್ದೆಯೋ ಜಮೀನನ್ನು ಅಡವು ಹಿಡಿದು ಸಾಲ ಕೊಡುವುದನ್ನು ನಿಷೇಧಿಸಿತ್ತು. ಜಮೀನಿನ ಕಂದಾಯ ಬೇಕು, ಜಮೀನಿನ ಆಧಾರ ಬೇಡ! ವ್ಯಾಪಾರಿಯ ಸರಕಿಗೆ ಸಾಲ ಹುಟ್ಟುತ್ತಿತ್ತು. ಹೊಲವೊಂದನ್ನೇ ಆಸ್ತಿಯಾಗಿ ಉಳ್ಳವನಿಗೆ ಊರ ಸಾಹುಕಾರನೇ ಗತಿ.

ಮುಂದೆ ಫಲಕಗಳು ಬದಲಾದವು. 1921ರಲ್ಲಿ ಮೂರು ಪ್ರೆಸಿಡೆನ್ಸಿ ಬ್ಯಾಂಕುಗಳು ಕೂಡಿ ಇಂಪೀರಿಯಲ್ ಬ್ಯಾಂಕ್ ಆಯಿತು. 1935ರಲ್ಲಿ ರಿಸರ್ವ್ ಬ್ಯಾಂಕ್ ಬಂದು ಸರ್ಕಾರದ ಬ್ಯಾಂಕರ್ ಸ್ಥಾನವನ್ನು ವಹಿಸಿಕೊಂಡಿತು. ನಿಜವಾದ ತಿರುವು 1955ರ ಜುಲೈ 1ರಂದು, ಸ್ಟೇಟ್ ಬ್ಯಾಂಕಿನ ಸ್ಥಾಪನೆಯೊಂದಿಗೆ. ಐದು ವರ್ಷಗಳಲ್ಲಿ 400 ಹೊಸ ಶಾಖೆಗಳನ್ನು ತೆರೆಯುವ ಹೊಣೆ ಅದರ ಮೇಲೆ ಬಿತ್ತು. ಹಳ್ಳಿಗಳಿಗೂ ಸಣ್ಣ ಊರುಗಳಿಗೂ ಬ್ಯಾಂಕನ್ನು ಮುಟ್ಟಿಸುವುದು ಅದರ ಉದ್ದೇಶ. ಬಂದರಿನ ವ್ಯಾಪಾರವನ್ನು ನೆಚ್ಚಿ ಕಟ್ಟಿದ ಭವನ ಹೀಗೆ ಒಳನಾಡಿನ ಲೆಕ್ಕವನ್ನೂ ಬರೆಯತೊಡಗಿತು.

ಟೊಮೆಟೊ ಬೆಳೆಯುವ ನಮ್ಮ ಪೋಷಕರು ಇಂದು ಬೆಳೆಸಾಲಕ್ಕಾಗಿ ಪಟ್ಟಾ, ಚಿಟ್ಟಾ ಹಿಡಿದು ಬ್ಯಾಂಕಿನ ಮೆಟ್ಟಿಲು ಹತ್ತುತ್ತಾರೆ. 1876ರ ಕಾಯ್ದೆ ಬೇಡವೆಂದು ದೂರವಿಟ್ಟದ್ದು ಇಂಥ ಹೊಲಗಳನ್ನೇ.